ರೂಟಿಗೊಂದು ಗೂಟ

ಲಿನಕ್ಸಿನ ಕಪ್ಪು ಪರದೆಯ ಮುಂದೆ ದಿನವಿಡೀ ಕೂರುವ ನಮ್ಮಂಥವರ ಲೋಕದಲ್ಲಿ ಪ್ರಜೆಗೂ ದೊರೆಗೂ ಇರುವುದು ಒಂದೇ ಒಂದು ಚಿಹ್ನೆಯ ಅಂತರ. ಪ್ರಾಂಪ್ಟಿನ ತುದಿಯಲ್ಲಿ $ ಇದ್ದರೆ ನೀವು ಪ್ರಜೆ. # ಇದ್ದರೆ ರೂಟ್. ಯೂಸರ್ ಐಡಿ ಸೊನ್ನೆ, ಹೇಳುವವರಿಲ್ಲ ಕೇಳುವವರಿಲ್ಲ. ಡಾಲರು ಬಡಪಾಯಿಗೆ, ಅಡ್ಡಡ್ಡ ಇಟ್ಟ ನಾಲ್ಕು ಕಡ್ಡಿ ದೊರೆಗೆ. ಏನು ನ್ಯಾಯವೋ!

ಸಾಲದ್ದಕ್ಕೆ, ಟೈಪಿಸಿದ ಕಮಾಂಡನ್ನು ಓದಿ ನಡೆಸುವ ಬ್ಯಾಶ್‌ನಲ್ಲಿ ಕಾಮೆಂಟಿನ ಗುರುತೂ ಆ ಕಡ್ಡಿಗಳೇ. ಸಾಲು ಅದರಿಂದ ಶುರುವಾದರೆ ಬ್ಯಾಶ್ ಕಿವಿಗೇ ಹಾಕಿಕೊಳ್ಳುವುದಿಲ್ಲ. ಯಾವುದೋ ಕಮಾಂಡನ್ನು # ಸಮೇತ ತಂದು ಅಂಟಿಸಿ "ಏನೂ ಆಗ್ತಿಲ್ಲ ಸಾರ್" ಎನ್ನುವವರನ್ನು ಕಂಡರೆ, ಪುಣ್ಯವಂತರು ಅಂದುಕೊಳ್ಳುತ್ತೇನೆ.

ಕಣ್ಣು ಸೋತ ಸಂಜೆ, ಆರೇಳು ಟರ್ಮಿನಲ್ ತೆರೆದಿರುವಾಗ ಈ ಪುಟ್ಟ ಗುರುತು ಯಾರಿಗೆ ಕಾಣುತ್ತದೆ? ಅಧಿಕಾರ ಅಂದಮೇಲೆ ಗೂಟದ ಕಾರಿನಂತೆ ಕೆಂಪಗೆ ಮಿನುಗಬೇಡವೇ? ದೇಶದ ಮಂತ್ರಿಗಳ ಗೂಟ 2017ರ ಮೇ 1ಕ್ಕೆ ಇಳಿಯಿತು. ನನ್ನ ರೂಟಿನದು ಇನ್ನೂ ಉರಿಯುತ್ತಿದೆ. ರೂಟ್‌ನ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಪ್ರಾಂಪ್ಟಿನ ರೂಪ ಹೇಳುವ ಪಿಎಸ್1ಗೆ 31 ಎಂಬ ಕೆಂಪು ಬಣ್ಣದ ಸಂಕೇತ ಕೊಟ್ಟರೆ ಮುಗಿಯಿತು. ಸಂಕೇತದ ಎರಡೂ ಕಡೆ ಬ್ಯಾಕ್‌ಸ್ಲ್ಯಾಶ್ ಸಮೇತ ಚೌಕ ಬ್ರಾಕೆಟ್ ಹಾಕಲು ಮರೆತಿರೋ, ಕಣ್ಣಿಗೆ ಕಾಣದ ಅಕ್ಷರಗಳನ್ನೂ ಬ್ಯಾಶ್ ಲೆಕ್ಕಕ್ಕೆ ಹಿಡಿದು, ಉದ್ದನೆಯ ಕಮಾಂಡ್ ಮುಂದಿನ ಸಾಲಿಗೆ ಇಳಿಯದೆ ತನ್ನ ತಲೆಯ ಮೇಲೆ ತಾನೇ ಹತ್ತಿ ಕೂರುತ್ತದೆ. ಕೆಂಪು ಅಕ್ಷರ ಸರಿಯಾಗಿ ಕಾಣದವರು 41 ಹಾಕಿ ಹಿನ್ನೆಲೆಗೇ ಕೆಂಪು ಬಳಿಯಬಹುದು. ವಿಂಡೋಸ್ ಮಾತ್ರ 'ಅಡ್ಮಿನಿಸ್ಟ್ರೇಟರ್' ಎಂದು ಕಿಟಕಿಯ ನೆತ್ತಿಯ ಮೇಲೆ ಬರೆದು ಸುಮ್ಮನಾಗುತ್ತದೆ. ಟೈಪ್ ಮಾಡುವವನು ನೆತ್ತಿ ನೋಡುತ್ತಾನೆಯೇ?

ಮಂತ್ರಿಯ ಗೂಟ ಇದ್ದದ್ದು ಎದುರಿನವರು ದಾರಿ ಬಿಡಲೆಂದು. ಈ ಗೂಟ ಒಳಗೆ ಕೂತವನೇ ಬ್ರೇಕಿನ ಮೇಲೆ ಕಾಲಿಡಲೆಂದು.

ಇದಕ್ಕೆಲ್ಲ ಸಿಕ್ಕದ ಆಸಾಮಿ, ಪ್ರಜೆಯ ಕಮಾಂಡನ್ನೂ ರೂಟ್ ಹೆಸರಿನಲ್ಲಿ ನಡೆಸಿಕೊಡುವ ಸುಡೊ. ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಉಬುಂಟುವಿನಲ್ಲಿ ಸಾಮಾನ್ಯವಾಗಿ 15 ನಿಮಿಷ ಮತ್ತೆ ಕೇಳುವುದಿಲ್ಲ. ಪರದೆಯ ಮೇಲೆ ಅದೇ ಬಡ ಡಾಲರು, ಜೇಬಿನಲ್ಲಿ ಮಾತ್ರ ರಾಜಮುದ್ರೆ. ಇದಕ್ಕೆ ಯಾವ ಬಣ್ಣ ಬಳಿಯುವುದೋ ನನಗಿನ್ನೂ ಹೊಳೆದಿಲ್ಲ.

ತಂಡಕ್ಕೆ ಹೊಸದಾಗಿ ಬಂದ ಹುಡುಗನಿಗೆ ನನ್ನ ಕೆಂಪು ಪ್ರಾಂಪ್ಟ್ ಬಹಳ ಹಿಡಿಸಿ, ತನ್ನ ಮಾಮೂಲಿ ಖಾತೆಗೂ ಅದನ್ನೇ ಹಾಕಿಕೊಂಡ.

"ಅದು ರೂಟಿಗೆ ಮಾತ್ರ ಕಣಯ್ಯಾ" ಎಂದೆ.

"ಹಾಗಾದ್ರೆ ರೂಟ್ ಪಾಸ್‌ವರ್ಡೂ ಕೊಟ್ಬಿಡಿ ಸಾರ್, ಬಣ್ಣ ಯಾಕೆ ದಂಡ ಮಾಡೋದು?" ಅಂದ.