ಹುಲಿ ಬೇಡ, ಕುರಿ ಕೊಡಿ

ಹುಲಿ-ಕುರಿ ಆಟ ಕಲಿಯಲು ಕೂತವರಿಗೆಲ್ಲ ಒಂದೇ ಚಪಲ, ಹುಲಿ ಬೇಕು. ಚಳ್ಳಕೆರೆಯ ಅರಳಿಕಟ್ಟೆಯಾಗಲಿ, ಮೊಳಕಾಲ್ಮೂರು ಕಡೆಯ ಗುಡಿಯ ಹಾಸುಗಲ್ಲಾಗಲಿ, ಸುಣ್ಣದ ಕಲ್ಲಿನಲ್ಲಿ ಗೆರೆ ಎಳೆದು ಮುಗಿಯುವ ಮೊದಲೇ ‘ಹುಲಿ ನಂದು’ ಎಂಬ ಕೂಗು ಎದ್ದಿರುತ್ತದೆ. ಎದುರಿನವನು ಮುಖ ಸಣ್ಣಗೆ ಮಾಡಿಕೊಂಡು ಕುರಿಗಳನ್ನು ಎಣಿಸಲು ತೊಡಗುತ್ತಾನೆ. ಈ ಊರುಗಳಲ್ಲಿ ಕುರಿ ಕಾಯುವುದೇ ಕಸುಬಾಗಿರುವ ಮನೆಗಳು ಬೇಕಾದಷ್ಟಿವೆ, ಕುರಿಯ ತುಪ್ಪಟದಿಂದಲೇ ಚಳ್ಳಕೆರೆಯ ಕಂಬಳಿಗೆ ಹೆಸರು ಬಂದಿದೆ, ಹಾಗಿದ್ದೂ ಕಟ್ಟೆಯ ಮೇಲೆ ಕುರಿಗೆ ಮರ್ಯಾದೆ ಇಲ್ಲ. ನನ್ನ ವಾದ ಇಷ್ಟೇ: ಹೊಸಬರು ಕುರಿಯನ್ನೇ ಹಿಡಿಯಬೇಕು. ಇದು ದಯೆಯ ಮಾತಲ್ಲ, ಅಹಿಂಸೆಯ ಮಾತೂ ಅಲ್ಲ, ಶುದ್ಧ ಲೆಕ್ಕದ ಮಾತು. ಹದಿನೆಂಟು ಕಲ್ಲುಗಳ ಆಟಕ್ಕೆ ಇಷ್ಟೊಂದು ತರ್ಕ ಸುರಿಯುವುದು ವಯಸ್ಸಿಗೆ ಶೋಭಿಸುವುದಿಲ್ಲವೆಂದು ಗೊತ್ತು. ಶೋಭಿಸುವ ಕೆಲಸ ಮಾಡಲು ಊರಲ್ಲಿ ಬೇರೆ ಜನ ಇದ್ದಾರೆ.

ಮೊದಲು ಕಟ್ಟುಪಾಡು, ಆಮೇಲೆ ಆಟ. ನೆತ್ತಿಯಿಂದ ಇಳಿಯುವ 4 ಗೆರೆ, ಅವನ್ನು ಕತ್ತರಿಸುವ 3 ಅಡ್ಡಗೆರೆ, ಬುಡದಲ್ಲಿ ಇನ್ನೊಂದು. ಅಡ್ಡಗೆರೆಗಳ ತುದಿಗಳನ್ನು ಎರಡೂ ಪಕ್ಕದಲ್ಲಿ ಕೂಡಿಸಿಬಿಟ್ಟರೆ ಹಲಗೆ ಸಿದ್ಧ. ನೆತ್ತಿಯಲ್ಲಿ 1 ಮನೆ, ಮೂರು ಅಡ್ಡಸಾಲುಗಳಲ್ಲಿ ಆರಾರು, ಬುಡದಲ್ಲಿ 4, ಒಟ್ಟು 23. ಹುಲಿ 3, ಕುರಿ 15. ಇಷ್ಟರವರೆಗೆ ಹೆಚ್ಚು ಜಗಳವಿಲ್ಲ. ಜಗಳ ಶುರುವಾಗುವುದು ಇದರ ಮುಂದೆ. ಕುರಿಗಳೆಲ್ಲ ಇಳಿದು ಮುಗಿಯುವ ಮೊದಲೇ ಇಳಿದ ಕುರಿ ನಡೆಯಬಹುದೇ? ಹುಲಿ ಒಂದೇ ಸರದಿಯಲ್ಲಿ ಎರಡು ಕುರಿ ಹಾರಬಹುದೇ? ಹೊಡೆಯಲು ಕುರಿ ಸಿಕ್ಕಿದರೆ ಹೊಡೆಯಲೇಬೇಕೇ, ಬಿಟ್ಟರೂ ನಡೆಯುತ್ತದೆಯೇ? ಎಷ್ಟು ಕುರಿ ಹೋದರೆ ಸೋಲು? ಇದನ್ನೆಲ್ಲ ಮಾತಾಡಿಕೊಳ್ಳದೆ ಕೂತರೆ, ಕುರಿ ಗೆಲ್ಲುವ ಹೊತ್ತಿಗೆ ಸರಿಯಾಗಿ ರಾಯದುರ್ಗದ ಕಡೆಯ ನೆಂಟನೊಬ್ಬ ‘ನಮ್ ಕಡೆ ಹಂಗಿಲ್ಲ’ ಎಂದು ಬಾಯಿ ಹಾಕುತ್ತಾನೆ. ಅವನ ಕಡೆ ಹೇಗಿದೆಯೋ ಯಾರೂ ನೋಡಿಲ್ಲ, ಆದರೆ ಆಟ ಮಾತ್ರ ಅಲ್ಲಿಗೆ ನಿಂತಿತು. ಹೊಸಬರಿಗೆ ನನ್ನ ಶಿಫಾರಸು ಹೀಗೆ: ಹುಲಿಗಳಲ್ಲಿ ಒಂದು ನೆತ್ತಿಯಲ್ಲಿ, ಎರಡು ಅದರ ಕೆಳಸಾಲಿನ ನಡುವೆ. ಕುರಿ ಸರದಿಗೊಂದರಂತೆ ಇಳಿಯಲಿ, ಹದಿನೈದೂ ಇಳಿಯುವವರೆಗೆ ಯಾವುದೂ ಕದಲದಿರಲಿ. ಹುಲಿ ಒಂದು ಸರದಿಗೆ ಒಂದೇ ಕುರಿ ಹೊಡೆಯಲಿ, ಬೇಡವಾದರೆ ಬಿಡಲಿ. 5 ಕುರಿ ಹೋದರೆ ಕುರಿಯವನು ಸೋತಂತೆ, ಮೂರೂ ಹುಲಿ ಕದಲಲಾಗದಂತೆ ಕಟ್ಟಿಬಿದ್ದರೆ ಗೆದ್ದಂತೆ. ಇನ್ನೊಂದು ಷರತ್ತು ಚಳ್ಳಕೆರೆ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಇದು ಎಣ್ಣೆ ಗಿರಣಿಗಳ ಊರು, ಕೈಗೆ ಮೊದಲು ಸಿಗುವುದೇ ಶೇಂಗಾ. ಯಾವ ಕಾರಣಕ್ಕೂ ಶೇಂಗಾ ಬೀಜವನ್ನು ಕುರಿ ಮಾಡಬೇಡಿ. ಹುಲಿ ತಿಂದ ಕುರಿಯನ್ನು ಹುಲಿಯವನು ನಿಜವಾಗಿಯೂ ತಿನ್ನುತ್ತಾನೆ, ಅದು ನ್ಯಾಯ. ಹುಲಿ ತಿನ್ನದ ಕುರಿಗಳೂ ಮಾತಿನ ಮಧ್ಯೆ ಕಡಿಮೆಯಾಗುತ್ತ ಹೋಗುತ್ತವೆ, ಅದಕ್ಕೆ ಯಾವ ಕಟ್ಟುಪಾಡಿನಲ್ಲೂ ಪರಿಹಾರವಿಲ್ಲ.

ಇನ್ನು ಲೆಕ್ಕ. ಹುಲಿ ಕುರಿಯನ್ನು ಹೊಡೆಯಬೇಕಾದರೆ ಅದೇ ಗೆರೆಯಲ್ಲಿ ಕುರಿಯ ಆಚೆಯ ಮನೆ ಖಾಲಿ ಇರಬೇಕು. ಆಚೆ ಮನೆಯೇ ಇಲ್ಲದ ಕಡೆ ಕುರಿ ಕೂತರೆ? ಅಡ್ಡಸಾಲುಗಳ ನಾಲ್ಕು ಹೊರಮೂಲೆ, ಬುಡದ ಎರಡು ತುದಿ, ಈ 6 ಮನೆಗಳಲ್ಲಿ ಕೂತ ಕುರಿಯನ್ನು ಮೂರು ಹುಲಿ ಅಲ್ಲ, ಮೂವತ್ತು ಹುಲಿ ಬಂದರೂ ಮುಟ್ಟಲಾರವು. ಮೊದಲ ಆರು ಕುರಿ ಅಲ್ಲಿಗೆ. ಆಮೇಲೆ ಎಡಮೂಲೆಗಳ ನಡುವೆ ಒಂದು, ಬಲಮೂಲೆಗಳ ನಡುವೆ ಒಂದು, ಬುಡದ ನಡುವೆ ಎರಡು. ಇವುಗಳ ಆಚೆಯ ಮನೆಗಳಲ್ಲಿ ಆಗಲೇ ನಮ್ಮ ಕುರಿಗಳೇ ಇರುವುದರಿಂದ ಹುಲಿ ಹಾರಿ ಇಳಿಯಲು ಜಾಗವಿಲ್ಲ. ಹತ್ತು ಕುರಿ ಕೂತವು, ಒಂದು ಕೂದಲೂ ಕೊಂಕಲಿಲ್ಲ. ಬುಡದ ಮೇಲಿನ ಸಾಲನ್ನು ಒಂದು ಪಕ್ಕದಿಂದ ಸಾಲಾಗಿ ತುಂಬುತ್ತ ಬಂದರೆ ಇನ್ನೂ ನಾಲ್ಕು ಭದ್ರ. ಹದಿನೈದನೆಯದು ಅದರ ಮೇಲಿನ ಸಾಲಿನ ಎಡಪಕ್ಕದ ಕುರಿಗೆ ಆತುಕೊಂಡು ಕೂತರೆ ಅದೂ ಭದ್ರ. ಈಗ ಹುಲಿಗಳಿಗೆ ಉಳಿದಿರುವುದು ಮೇಲ್ಭಾಗದ 8 ಮನೆ, ಅದರಲ್ಲಿ ತಾವೇ ಮೂರನ್ನು ಹಿಡಿದಿವೆ. ಕಾಡಿನ ರಾಜರು ಅಂತ ಕರೆಸಿಕೊಂಡವರಿಗೆ ಓಡಾಡಲು ಐದೇ ಮನೆ.

‘ಹುಲಿ ಏನು, ನೀನು ಕಟ್ಟುವವರೆಗೆ ಬಾಲ ಅಲ್ಲಾಡಿಸುತ್ತ ಕೂತಿರುತ್ತದಾ?’ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಕೂತಿರುವುದಿಲ್ಲ, ನಾವು ತುಂಬಬೇಕಾದ ಮೂಲೆಗೆ ತಾನೇ ಬಂದು ಕೂರುತ್ತದೆ. ಬರಲಿ. ಕುರಿಗೆ ಅತ್ಯಂತ ಭದ್ರವಾದ ಮನೆ ಹುಲಿಗೆ ಅತ್ಯಂತ ಕೆಟ್ಟ ಮನೆ, ಈ ಆಟದ ಸೊಗಸೇ ಅದು. ಹಲಗೆಯ ನಟ್ಟನಡುವೆ ನಿಂತ ಹುಲಿಗೆ ನಾಲ್ಕು ದಾರಿ. ಪ್ರತಿ ದಾರಿಗೂ ಒಂದರ ಹಿಂದೊಂದು ಎರಡು ಕುರಿ ಬೇಕು, ಅಂದರೆ 8. ಮೂಲೆಯ ಹುಲಿಗೆ ಎರಡೇ ದಾರಿ, ನಾಲ್ಕು ಕುರಿಯಲ್ಲಿ ಕೆಲಸ ಮುಗಿಯಿತು. ಮೂರು ಹುಲಿಗಳೂ ಒಂದಕ್ಕೊಂದು ದೂರದ ಮೂಲೆಗಳಿಗೆ ಹೋಗಿ ಕೂತರೆ 12 ಕುರಿ ಸಾಕು, ಮೂರು ಕುರಿ ಆರಾಮಾಗಿ ಮೆಲುಕು ಹಾಕುತ್ತಿರಬಹುದು. ಅದಕ್ಕೇ ಹುಲಿ ಮೂಲೆಗೆ ಬಂದರೆ ಹೊಸಬರು ಗಾಬರಿಯಾಗಬಾರದು, ಎದ್ದು ಹಾರ ಹಾಕಬೇಕು.

ಕಲ್ಲಿನ ಲೆಕ್ಕ ಒಪ್ಪದವರಿಗೆ ಚರಿತ್ರೆಯ ಸಾಕ್ಷಿ ಇದೆ, ಅದೂ ಚಳ್ಳಕೆರೆಯ ಪಕ್ಕದಲ್ಲೇ. ದೊಡ್ಡೇರಿ, 1695. ಶಿರಾದ ಮೊಗಲ್ ಅಧಿಕಾರಿ ಖಾಸಿಂ ಖಾನ್ ಸಣ್ಣ ಹುಲಿಯಲ್ಲ. 1687ರಲ್ಲಿ ಬೆಂಗಳೂರನ್ನು ಹಿಡಿದವನು, ಹಿಡಿದ ಮೇಲೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ 3 ಲಕ್ಷ ರೂಪಾಯಿಗೆ ಮಾರಿದವನು. ಮರಾಠರ ಸಂತಾಜಿ ಘೋರ್ಪಡೆಯನ್ನು ತಡೆಯಲು ಹೊರಟಿದ್ದ ಅವನ ನೆರವಿಗೆ ಔರಂಗಜೇಬ ಖಾನಾಜಾದ್ ಖಾನನನ್ನು ಕಳಿಸಿದ. ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಬೇಕು. ಬಂದವನು ದೊಡ್ಡ ಮನೆತನದವನು. ಅವನಿಗೆ ಔತಣ ಕೊಡಬೇಕಲ್ಲ! ಬೀಗರು ಬರುತ್ತಾರೆಂದರೆ ಅಟ್ಟದ ಮೇಲಿನ ಪಾತ್ರೆ ಇಳಿಯುವಂತೆ, ಖಾಸಿಂ ಖಾನನ ಉಗ್ರಾಣದಿಂದ ಒಳ್ಳೊಳ್ಳೆಯ ಡೇರೆಗಳು ಇಳಿದವು, ಚಿನ್ನದ ಪಾತ್ರೆ ಇಳಿದವು, ಬೆಳ್ಳಿಯವು ಇಳಿದವು, ಪಿಂಗಾಣಿಯವೂ ಇಳಿದವು. ಇಳಿಸಿದ ಮೇಲೆ ಎಲ್ಲಿಡಬೇಕು? ಸೈನ್ಯದ ನಡುವೆ ಇಡಬಹುದಿತ್ತು, ಹಿಂದೆ ಇಡಬಹುದಿತ್ತು. ಖಾನ್ ಸಾಹೇಬರು ಅವನ್ನು ಸೈನ್ಯಕ್ಕಿಂತ ಆರು ಮೈಲಿ ಮುಂದಕ್ಕೆ ಕಳಿಸಿದರು. ಸಂತಾಜಿಯಂಥವನು ಸುತ್ತುತ್ತಿದ್ದ ಬಯಲಿಗೆ, ಎಲ್ಲರಿಗಿಂತ ಮುಂದೆ, ತಟ್ಟೆ! ಮೊಗಲ್ ಸಾಮ್ರಾಜ್ಯದ ಮುಂಚೂಣಿ ದಳ ಆ ಬೆಳಗ್ಗೆ ಪಿಂಗಾಣಿ ಬಟ್ಟಲುಗಳದಾಗಿತ್ತು. ನಮ್ಮ ಹಲಗೆಯ ಮೇಲೆ ಇದನ್ನು ಆಡಿ ತೋರಿಸುವುದಾದರೆ, ಸುತ್ತ ನಾಲ್ಕೂ ಮನೆ ಖಾಲಿ ಇರುವಾಗ ನಟ್ಟನಡುವೆ ಒಂದೇ ಒಂದು ಕಲ್ಲಿಟ್ಟು, ಅದರ ಮೇಲೆ ಪಾಯಸವನ್ನೂ ಬಡಿಸಿದಂತೆ. ಸಂತಾಜಿ ತನ್ನ ದಂಡನ್ನು ಮೂರು ಭಾಗ ಮಾಡಿದ. ಒಂದು ಭಾಗ ಡೇರೆಗಳನ್ನು ಲೂಟಿ ಮಾಡಲು, ಒಂದು ಎದುರಾದವರೊಡನೆ ಕಾದಲು, ಮೂರನೆಯದು ಸುಮ್ಮನೆ ಕಾಯುತ್ತ ನಿಲ್ಲಲು. ತಟ್ಟೆಗಳಿಗೆ ಆಪತ್ತು ಬಂದ ಸುದ್ದಿ ಮುಟ್ಟಿದಾಗ ಔತಣದ ಅತಿಥಿ ನಿದ್ದೆಯಲ್ಲಿದ್ದ. ಖಾಸಿಂ ಖಾನ್ ಅವನನ್ನು ಎಬ್ಬಿಸದೆಯೇ ಧಾವಿಸಿದನೆಂದು ಮೊಗಲರ ಕಡೆಯ ಬರಹವೇ ಹೇಳುತ್ತದೆ. ನೆರವಿಗೆಂದೇ ಬಂದ ಸೇನಾಧಿಪತಿಯ ನಿದ್ದೆ ಕೆಡಿಸಬಾರದೆಂಬ ಈ ಆತಿಥ್ಯಕ್ಕೆ ನಮ್ಮ ಸೀಮೆಯಲ್ಲೂ ಸಾಟಿಯಿಲ್ಲ.

ಮುಂದಿನದು ಬೇಗ ಮುಗಿಯಿತು. ಖಾನರಿಬ್ಬರೂ ದೊಡ್ಡೇರಿಯ ಚಿಕ್ಕ ಗಢಿಯೊಳಗೆ ಸೇರಿಕೊಂಡರು, ಅಂದರೆ ಮೂಲೆಯ ಮನೆಗೆ ಹೋಗಿ ಕೂತರು. ಹೊರಗೆ ಸಂತಾಜಿಯ ಸವಾರರು, ಅವರ ಜೊತೆಗೆ ಚಿತ್ರದುರ್ಗದ ಭರಮಣ್ಣ ನಾಯಕನ ಕಾಲಾಳುಗಳು. ಗೋಡೆ ಹತ್ತುವ ಗೋಜಿಗೆ ಹೋಗದೆ ದಾರಿಗಳನ್ನು ತುಂಬಿ ಕೂತರು. ಒಳಗೆ ಅನ್ನ ಮುಗಿಯಿತು, ಮೇವು ಮುಗಿಯಿತು, ಖಾಸಿಂ ಖಾನನ ಅಫೀಮೂ ಮುಗಿಯಿತು. ಅವನು ಅಫೀಮಿಲ್ಲದೆ ಸತ್ತನೆಂದು ಕೆಲವರು, ವಿಷ ತೆಗೆದುಕೊಂಡನೆಂದು ಕೆಲವರು. ಉಳಿದವರು ಇದ್ದಬದ್ದುದನ್ನೆಲ್ಲ ಬಿಟ್ಟುಕೊಟ್ಟು, ಬಿಡುಗಡೆಯ ಹಣಕ್ಕೂ ಒಪ್ಪಿ ಹೊರಬಂದರು. ‘ಸಂತಾಜಿಯನ್ನು ಕುರಿ ಅಂತೀರಾ?’ ಎಂದು ಇತಿಹಾಸ ಬಲ್ಲವರು ಕೆರಳಬಹುದು. ಆ ಕಾಲದ ಮೊಗಲ್ ಸರದಾರರು ಅವನ ಹೆಸರು ಕೇಳಿದರೆ ನಡುಗುತ್ತಿದ್ದರು, ಒಪ್ಪಿದೆ. ಆದರೆ ದೊಡ್ಡೇರಿಯಲ್ಲಿ ಅವನು ಗೆದ್ದದ್ದು ಹಾರಿ ಅಲ್ಲ, ಕೂತು.

ಎರಡನೆಯ ಆಕ್ಷೇಪ ಹೆಚ್ಚು ನಾಜೂಕಿನದು. ಹುಲಿಯವನಿಗೆ ನೋಡಿಕೊಳ್ಳಲು ಮೂರೇ ಕಲ್ಲು, ಕುರಿಯವನಿಗೆ ಹದಿನೈದು. ಹೊಸಬನ ತಲೆಗೆ ಯಾವುದು ಹಗುರ? ಹಗುರವೇನೋ ಹುಲಿಯೇ. ಆದರೆ ಹುಲಿ ಹಿಡಿದವನು ಕಲಿಯುವುದು ಒಂದೇ ವಿದ್ಯೆ, ಎದುರಿನವನು ತಪ್ಪುವವರೆಗೆ ಕಾಯುವುದು. ಒಂದು ಕುರಿ ಸಿಕ್ಕಿದರೆ ತಾನೇ ಜಾಣನೆಂದುಕೊಳ್ಳುತ್ತಾನೆ. ಕುರಿ ಹಿಡಿದವನು ತನ್ನ ಒಂದೊಂದು ತಪ್ಪಿಗೂ ಒಂದೊಂದು ಕಲ್ಲು ತೆತ್ತು, ಗೆರೆಗಳನ್ನು ಕಣ್ಣಿನಿಂದ ಓದುವುದನ್ನು ಕಲಿಯುತ್ತಾನೆ. ಫೋನಿನಲ್ಲಿ ಆಡುವವರಿಗೂ ಇದೇ ಮಾತು. ಯಂತ್ರಕ್ಕೆ ಹುಲಿ ಕೊಡಿ, ಸುಲಭದ ಮಟ್ಟದಲ್ಲಿ ಬಹಳ ದಿನ ನಿಲ್ಲಬೇಡಿ. ದಡ್ಡ ಹುಲಿಯೊಡನೆ ಆಡಿದ ಕುರಿಗೆ ಧೈರ್ಯ ಬರುತ್ತದೆ, ಬುದ್ಧಿ ಬರುವುದಿಲ್ಲ. ಫೋನಿನ ಆಟಕ್ಕೆ ಒಂದು ದೊಡ್ಡ ಗುಣವಿದೆಯೆಂದು ಒಪ್ಪಿಕೊಳ್ಳಲೇಬೇಕು: ಅಲ್ಲಿ ಕಟ್ಟೆಯ ಸಲಹೆಗಾರರಿರುವುದಿಲ್ಲ. ಈ ಸಲಹೆಗಾರರು ಎಂದೂ ಆಡುವುದಿಲ್ಲ, ಆಡಿ ಸೋಲುವ ಅಪಾಯವನ್ನು ತಂದುಕೊಳ್ಳುವುದಿಲ್ಲ. ನಿಂತಲ್ಲಿಂದಲೇ ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು, ಕಾಲ ಹೆಬ್ಬೆರಳಲ್ಲಿ ಮನೆ ತೋರಿಸುತ್ತಾರೆ. ಹೇಳಿದಂತೆ ಇಟ್ಟು ಕುರಿ ಹೋದರೆ ‘ಅಲ್ಲಲ್ಲ, ನಾನು ಹೇಳಿದ್ದು ಪಕ್ಕದ್ದು’ ಎನ್ನುತ್ತಾರೆ. ಹೆಬ್ಬೆರಳು ಯಾವ ಮನೆ ತೋರಿಸಿತೆಂದು ಸಾಬೀತು ಮಾಡುವ ವಿಧಾನ ಇನ್ನೂ ಹುಟ್ಟಿಲ್ಲ. ಕಟ್ಟುಪಾಡು ಮಾಡುವಾಗ ಇವರನ್ನೂ ಸೇರಿಸಿ: ಬಾಯಿ ಬಿಟ್ಟವನು ಮುಂದಿನ ಆಟ ಆಡಲೇಬೇಕು. ಒಬ್ಬರೂ ನಿಲ್ಲುವುದಿಲ್ಲ.

ಮೂರನೆಯ ಆಕ್ಷೇಪವೊಂದಿದೆ, ಅದನ್ನು ನಗಿಸಿ ಕಳಿಸಲು ನನ್ನಿಂದ ಆಗಿಲ್ಲ. ಹಲಗೆಯ ಮೇಲೆ ಕುರಿ ಗೆಲ್ಲಬಹುದು, ಬಯಲಿನಲ್ಲಿ ಗೆಲ್ಲುತ್ತದೆಯೇ? ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಕುದಾಪುರ, ವರವು ಕಡೆಯ ಅಮೃತಮಹಲ್ ಕಾವಲುಗಳಲ್ಲಿ ದನ ಕುರಿ ಮೇಯಿಸಿಕೊಂಡಿದ್ದವರಿಗೆ ಈ ಶತಮಾನದಲ್ಲಿ ಬೇರೆ ಆಟ ಎದುರಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ರಕ್ಷಣಾ ಸಂಶೋಧನೆಗೆ ನಾಲ್ಕು ಸಾವಿರಕ್ಕೂ ಹೆಚ್ಚು, ಅಣು ಸಂಶೋಧನೆಗೆ, ಬಾಹ್ಯಾಕಾಶಕ್ಕೆ ಇನ್ನಷ್ಟು. ಕಾಂಪೌಂಡ್ ಗೋಡೆ ಎದ್ದವು, ಕುರಿಗಳು ತಲೆಮಾರುಗಳಿಂದ ನಡೆದ ದಾರಿ ಗೋಡೆಗೆ ಹೋಗಿ ಮುಟ್ಟಿ ನಿಂತಿತು. ವಿಜ್ಞಾನ ಬೇಡವೆಂದು ಯಾರೂ ಹೇಳಿರಲಿಲ್ಲ. ಹುಲ್ಲು ಎಲ್ಲಿದೆ ಎಂದು ಕೇಳಿದರು, ಹಸಿರು ನ್ಯಾಯಮಂಡಳಿಯವರೆಗೂ ಹೋಗಿ ಕೇಳಿದರು. ಹುಲಿ-ಕುರಿ ಆಟದಲ್ಲಿ ಹುಲಿ ಎಷ್ಟೇ ದೊಡ್ಡದಿರಲಿ, ಗೆರೆ ಅಳಿಸುವ ಅಧಿಕಾರ ಅದಕ್ಕಿಲ್ಲ; 23 ಮನೆ ಕೊನೆಯವರೆಗೂ ಇಪ್ಪತ್ಮೂರೇ. ಆಟದ ನಡುವೆ ಮೂರನೆಯವನೊಬ್ಬ ಬಂದು ಅರ್ಧ ಹಲಗೆಯನ್ನು ಒರೆಸಿದರೆ ಕುರಿ ಎಲ್ಲಿಗೆ ನಡೆಯಬೇಕೆಂಬುದಕ್ಕೆ ನನ್ನ ಲೆಕ್ಕದಲ್ಲಿ ಉತ್ತರವಿಲ್ಲ.

ಹಲಗೆಯ ವಿಷಯಕ್ಕೇ ಮರಳೋಣ, ಹೊಸಬರು ಹೆಚ್ಚಾಗಿ ಎಡವುವ ಜಾಗ ಒಂದು ಉಳಿದಿದೆ. ಹದಿನೈದೂ ಕುರಿ ಇಳಿದ ಮೇಲೆ ಪ್ರತಿ ಸರದಿಗೂ ಒಂದು ಕುರಿ ಕದಲಲೇಬೇಕು, ‘ಈ ಸಲ ಬಿಟ್ಟೆ’ ಎನ್ನುವಂತಿಲ್ಲ. ಕದಲಿದ ಕುರಿಯ ಹಿಂದೆ ಒಂದು ಮನೆ ಬಾಯಿ ತೆರೆಯುತ್ತದೆ, ಹುಲಿ ಅದನ್ನೇ ಕಾಯುತ್ತಿರುತ್ತದೆ. ಆದ್ದರಿಂದ ಹುಲಿಗಳಿಗೆ ಹತ್ತಿರದ ಕುರಿಯನ್ನು ಮುಟ್ಟಬೇಡಿ, ಕದಲಲು ಜಾಗವಿರುವವುಗಳಲ್ಲಿ ದೂರದ ಒಂದನ್ನು ಎಬ್ಬಿಸಿ. ಅಲ್ಲಿ ಖಾಲಿಯಾದ ಮನೆಯ ಸುತ್ತ ನಿಮ್ಮದೇ ಕುರಿಗಳಿರಬೇಕು. ಮುಂದಿನ ಸಾಲು ಒಂದು ಮನೆ ಮೇಲಕ್ಕೆ ಹೋದರೆ ಅದರ ಹಿಂದಿನದು ತಕ್ಷಣ ಆ ಜಾಗಕ್ಕೆ ಬರಬೇಕು. ಆತುರ ಬೇಡ. ಹುಲಿಯವನಿಗೆ ಬೇಸರ ಬರುವಷ್ಟು ನಿಧಾನ ಆಡಿ, ಬೇಸರ ಬಂದ ಹುಲಿ ತಾನಾಗಿಯೇ ಮೂಲೆಗೆ ಹೋಗುತ್ತದೆ. ಮೂರೂ ಕಟ್ಟಿಬಿದ್ದ ಮೇಲೆ ಅವನು ಹಲಗೆಯನ್ನು ಎರಡು ಸಲ ನೋಡುತ್ತಾನೆ, ರಾಯದುರ್ಗದ ನೆಂಟನನ್ನು ಒಂದು ಸಲ ನೋಡುತ್ತಾನೆ, ಕಟ್ಟುಪಾಡು ಮೊದಲೇ ಆಗಿದ್ದರಿಂದ ನೆಂಟ ಬೇರೆ ಕಡೆ ನೋಡುತ್ತಾನೆ. ಆಗ ಅವನು ಕಲ್ಲುಗಳನ್ನು ಒಟ್ಟುಮಾಡುತ್ತ, ಈ ಸಲವೂ ತನಗೆ ಹುಲಿಯೇ ಬೇಕೆಂದು ಕೇಳುತ್ತಾನೆ. ಚೌಕಾಸಿ ಮಾಡದೆ ಕೊಟ್ಟುಬಿಡಿ.