ಭಜಿ ಏಳದ ಉರಿ

ನನ್ನ ಗಾಡಿಯ ಚಾಸಿ ಹಳೆಯ ಮಹೀಂದ್ರಾ ಎಂಎಂ 540 ಜೀಪಿನದು, ಎಂಜಿನ್ ಅದರದೇ 2.1 ಲೀಟರಿನ ಪ್ಯೂಜೊ ಡೀಸೆಲ್. ಉಳಿದದ್ದೆಲ್ಲ ಬಸವನ ಬಾಗೇವಾಡಿಯ ವೆಲ್ಡಿಂಗ್ ಅಂಗಡಿಯ ಕೃಪೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಇಂಥ ಅವತಾರಗಳು ಸೇರುವುದಿಲ್ಲ; 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಸಿ ಹೇಳಿತು. ಆದ್ದರಿಂದ ನನ್ನ ರಥದ ಸಂಚಾರವೆಲ್ಲ ನಮ್ಮ ಹೊಲದ ಬದುವಿನೊಳಗೇ.

ಅಷ್ಟು ದೂರ ಓಡುವ ಗಾಡಿಗೆ ಕೂಲಂಟಿಗೊಂದು, ಆಯಿಲ್ಲಿಗೊಂದು ಡಿಜಿಟಲ್ ಮೀಟರು, ಮೇಲೆ ಒದರುವ ಬಜರು ಯಾಕೆ ಎಂದು ಕೇಳಬೇಡಿ. ಹಾಕಿಸಿದೆ. ತೊಡಕು ಶುರುವಾದದ್ದು ಅದು ಯಾವ ಅಂಕಿಗೆ ಒದರಬೇಕು ಎಂಬಲ್ಲಿ. ಕಡಿಮೆ ಇಟ್ಟರೆ ಮೇ ತಿಂಗಳಲ್ಲಿ ನಿಂತಲ್ಲೇ ಅಳುತ್ತದೆ. ಹೆಚ್ಚಿಟ್ಟರೆ ಹೆಡ್ ಗ್ಯಾಸ್ಕೆಟ್ ಹೋದ ಮೇಲೆ ಸಂತಾಪ ಸೂಚಿಸುತ್ತದೆ.

“ನೀರ್ ಹಾಕ್ರಿ ಮಾಸ್ತರ, ಹೊಗಿ ಬಂದ್ರ ನಿಲ್ಲಸ್ರಿ, ಅಷ್ಟ,” ಎಂದ ಮಿಸ್ತ್ರಿ. ಬೋರಿನ ಸವಳು ನೀರು ಸುರಿದು ರೇಡಿಯೇಟರಿನೊಳಗೆ ಸುಣ್ಣ ಕಟ್ಟಿಸುವವರ ಮಾತನ್ನು ನಾನೇಕೆ ಕೇಳಲಿ? ಅರ್ಧಕ್ಕರ್ಧ ಕೂಲಂಟು ಬೆರೆಸಿ, ಮುಚ್ಚಳದ ಒತ್ತಡ ಸರಿಯಿದ್ದರೆ 120 ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. 105ಕ್ಕೆ ಎಚ್ಚರಿಸಿದರೆ ಗಾಡಿ ನಿಲ್ಲಿಸಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಆಯಿಲ್ ಕಾಯುವುದು ನಿಧಾನ, ಆರುವುದೂ ನಿಧಾನ, ಅದಕ್ಕೆ 125.

ಆದರೆ ಸೆನ್ಸಾರು ನಿಜ ಹೇಳುತ್ತದೆಂಬ ಭರವಸೆ ಏನು? ಹೊಸ ಸೆನ್ಸಾರನ್ನು ತೊಳೆದು, ಜೀಪಿನ ಬ್ಯಾಟರಿಯನ್ನು ಅಡುಗೆಮನೆಗೆ ಹೊತ್ತೆ. ಕುದಿಯುವ ನೀರಿನಲ್ಲಿ ಅದು 98ಕ್ಕೆ ನಿಂತುಬಿಟ್ಟಿತು. ಅಂಗಡಿಯವನನ್ನು ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ನೆನಪಾಯಿತು: ನಾವಿರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಇಲ್ಲಿ ನೀರು ಕುದಿಯುವುದೇ 98ಕ್ಕೆ! ಸತ್ಯವಂತ ಸೆನ್ಸಾರು.

ಇನ್ನು 125. ನೀರು ಅಲ್ಲಿಗೆ ಬರುವುದಿಲ್ಲ, ಎಣ್ಣೆಯೇ ಬೇಕು. ಅಂದು ನನ್ನ ಪುಣ್ಯಕ್ಕೆ ಮನೆಯವಳು ಮಿರ್ಚಿ ಭಜಿಗೆಂದು ಕುಸುಬಿ ಎಣ್ಣೆ ಒಲೆಯ ಮೇಲಿಟ್ಟಿದ್ದಳು. ಬುಟ್ಟಿಯಲ್ಲಿ ಸೀಳಿದ ಮೆಣಸಿನಕಾಯಿ, ಕೈಯಲ್ಲಿ ಕಡಲೆಹಿಟ್ಟು. ಬಾಣಲೆಗೆ ವಾಯರು ಇಳಿಬಿಟ್ಟು, ಸೆನ್ಸಾರಿನ ಮೈಗೆ ಅರ್ಥ್ ಕಟ್ಟಿ, ತುದಿ ತಳಕ್ಕೆ ತಾಗದಂತೆ ಇಕ್ಕಳದಲ್ಲಿ ಹಿಡಿದು ನಿಂತೆ. ಆಪರೇಷನ್ ಥಿಯೇಟರಿನ ಗಾಂಭೀರ್ಯ. 90. 104. 118. ಆಕೆ ಹಿಟ್ಟಿನ ಕೈ ಮೇಲೆತ್ತಿಕೊಂಡೇ ನಿಂತಿದ್ದಳು. ಸರಿಯಾಗಿ 125ಕ್ಕೆ ಬಜರು ಎಷ್ಟು ಜೋರಾಗಿ ಕಿರುಚಿತೆಂದರೆ ಓಣಿಯ ನಾಯಿಗಳೆಲ್ಲ ಉತ್ತರ ಕೊಟ್ಟವು. ನಾನು ಕುಣಿದೆ. ಆಕೆ ತಣ್ಣಗೆ ಒಂದು ಹನಿ ಹಿಟ್ಟು ಬಿಟ್ಟಳು. ಅದು ತಳಕ್ಕಿಳಿದು ಮುನಿಸಿಕೊಂಡು ಕೂತಿತು.

“ಎಣ್ಣಿ ಇನ್ನೂ ಕಾದಿಲ್ರೀ.”

“ಕಾದಿಲ್ಲಾ? ಇಷ್ಟಕ್ಕ ಎಂಜಿನ್ ಗಂಡಾಂತರದಾಗ ಇರ್ತದ!”

“ನಿಮ್ಮ ಎಂಜಿನ್ ಸಾಯೂ ಉರಿಗೆ ನನ್ನ ಭಜಿ ಏಳಂಗಿಲ್ಲ. ಸರೀರಿ.”

ಸರಿಯಲಿಲ್ಲ. 150ಕ್ಕೆ ಮೀಟರೇ ಕೈಚೆಲ್ಲಿ ಮೂರು ಗೆರೆ ತೋರಿಸಿತು. ಆಮೇಲೂ ತುಸು ಹೊತ್ತು ಕಾದು ಆಕೆ ಬಿಟ್ಟ ಹನಿ ಚೊಯ್ಯೆಂದು ಮೇಲೆದ್ದಿತು. ಅಂಕಿಯಿಲ್ಲ, ಬ್ಯಾಟರಿಯಿಲ್ಲ, ವಾಯರಿಲ್ಲ.

ಭಜಿ ಕಟ್ಟೆಗೆ ಹೋಯಿತು, ಹಿಂದೆಯೇ ನನ್ನ ಅಂಕಿಗಳೂ ಹೋದವು. 105 ಸಾಕೋ, 110 ಇರಲೋ? ಗದ್ದಲವೆದ್ದಿತು. ನಮ್ಮ ಭಾಗದಲ್ಲಿ ಅಂಕಿಯ ಮಾತು ಎಲ್ಲಿಂದ ಹೊರಟರೂ ಆಲಮಟ್ಟಿ ಅಣೆಕಟ್ಟಿಗೇ ಬಂದು ನಿಲ್ಲುತ್ತದೆ: ಈಗಿನ ಮಟ್ಟ 519.60 ಮೀಟರ್, 2010ರಲ್ಲಿ ನ್ಯಾಯಮಂಡಳಿ ಒಪ್ಪಿದ್ದು 524.256. ಗೇಟು ಯಾವಾಗ ಎತ್ತರಿಸುತ್ತಾರೆ, ನೀರು ಯಾರ ಹೊಲಕ್ಕೆ ಎಂದು ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮುಳುಗಡೆಯಾದ ಊರಿನಿಂದ ಎದ್ದು ಬಂದ ಕಾಕಾ ಒಬ್ಬರು ಮಾತ್ರ ಭಜಿ ಕೈಯಲ್ಲೇ ಹಿಡಿದಿದ್ದರು.

“ಮಾಸ್ತರ, ನಿಮ್ಮದು ಅಂಕಿ ದಾಟಿದ ಕೂಡ್ಲೆ ಒದರ್ತದ ಅಂದ್ರಿ?”

“ಹೌದ್ರಿ ಕಾಕಾ.”

“ನಮ್ಮೂರಾಗ ನಾವ ಒದರಿದ್ವಿ.”

ಯಾರೂ ಏನೂ ಅನ್ನಲಿಲ್ಲ. ಕಾಕಾ ಭಜಿ ಮುರಿದು ಬಾಯಿಗಿಟ್ಟುಕೊಂಡು, ಉಪ್ಪು ಒಂದು ಕಾಳು ಕಡಿಮೆ ಎಂದರು. ಅದಕ್ಕೂ ಒಂದು ಮೀಟರು ಸಿಗುತ್ತದೆಯೇ ಎಂದು ನಾನು ಆಗಲೇ ಯೋಚಿಸುತ್ತಿದ್ದೆ.