ಘಾಟಿನ ಪುಕ್ಕಟೆ ರಾಯರು

ಕಾಶಿಗೆ ಹೋದ ಕನ್ನಡಿಗರಿಗೆ ಮೂವರು ತಪ್ಪದೆ ಗಂಟುಬೀಳುತ್ತಾರೆ. ದೋಣಿಯವನು, ಪಂಡಾ ಮತ್ತು ಇತಿಹಾಸ ಹೇಳುವ ನಿವೃತ್ತರು. ಮೊದಲಿಬ್ಬರು ದುಡ್ಡು ಕೇಳುತ್ತಾರೆ, ಚೌಕಾಸಿ ಮಾಡಿ ಪಾರಾಗಬಹುದು. ಮೂರನೆಯವರು ಏನನ್ನೂ ಕೇಳುವುದಿಲ್ಲ. ಏನನ್ನೂ ಕೇಳದವರ ಜೊತೆ ಚೌಕಾಸಿ ಮಾಡುವುದು ಹೇಗೆ?

ಇವರ ಹೆಸರು ಬೇಡ, ರಾಯರು ಅನ್ನೋಣ. ಗೌಡರಿರಬಹುದು, ಪಾಟೀಲರಿರಬಹುದು, ಶೆಟ್ಟರೂ ಇರಬಹುದು. ಬ್ಯಾಂಕಿನಿಂದಲೋ ಎಲ್‌ಐಸಿಯಿಂದಲೋ ಹೈಸ್ಕೂಲಿನಿಂದಲೋ ನಿವೃತ್ತರಾಗಿ, ಕಾಶೀವಾಸ ಎಂದು ಹೇಳಿಕೊಂಡು, ಹರಿಶ್ಚಂದ್ರ ಘಾಟಿನ ಹಿಂದಿನ ಗಲ್ಲಿಯಲ್ಲಿ ಮೂರನೇ ಮಹಡಿಯ ಮನೆ ಹಿಡಿದವರು. ಬಾಡಿಗೆ ಕಡಿಮೆ. ಯಾಕೆ ಕಡಿಮೆ ಎಂಬುದು ಗಾಳಿ ಬೀಸಿದಾಗ ತಿಳಿಯುತ್ತದೆ. ಅವರ ಮನೆಯವರು ತಾರಸಿಯ ಮೇಲೆ ಬಟ್ಟೆ ಹರವುವ ಮುಂಚೆ ಸೆರಗಿನ ತುದಿ ಹಿಡಿದು ಗಾಳಿ ಯಾವ ಕಡೆಗಿದೆ ಎಂದು ನೋಡುತ್ತಾರೆ. ಹೊಗೆ ಈ ಕಡೆಗಿದ್ದರೆ ಬಕೆಟ್ಟು ಮತ್ತೆ ಒಳಗೆ.

ರಾಯರ ವೇಷ ಹೀಗೆ: ಮಂಕಿ ಕ್ಯಾಪು, ಕೈಯಿಲ್ಲದ ಸ್ವೆಟರು, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಕೊಡೆ. ಕೊಡೆ ಬಿಸಿಲಿಗೂ ಅಲ್ಲ, ಮಳೆಗೂ ಅಲ್ಲ, ತೋರಿಸುವುದಕ್ಕೆ. ಕೊರಳಲ್ಲಿ ನೀಲಿ ಪಟ್ಟಿಯ ಗುರುತಿನ ಚೀಟಿಯೊಂದು ನೇತಾಡುತ್ತಿರುತ್ತದೆ, ಆದರೆ ಅದರ ಬರಹ ಸದಾ ಎದೆಯ ಕಡೆಗೆ. ಒಮ್ಮೆ ಗಾಳಿಗೆ ಮಗುಚಿಕೊಂಡಾಗ ಓದಿದೆ. ಯಾವುದೋ ಪರಂಪರೆ ಕಾರ್ಯಾಗಾರದ್ದು. ‘ಶಿಬಿರಾರ್ಥಿ’ ಎಂದಿತ್ತು, ಕೆಳಗೆ ಊಟದ ಕೂಪನ್ನಿನ ಸಂಖ್ಯೆಯಿತ್ತು.

ಅಧಿಕೃತವಾಗಿ ರಾಯರು ಊರಿನ ಒಂದು ಮ್ಯೂಸಿಯಮ್ಮಿನಲ್ಲಿ ಸ್ವಯಂಸೇವಕರು. ಸಂಬಳವಿಲ್ಲ, ಚಹಾ ಉಂಟು. ವಹಿಸಿದ ಕೆಲಸ ಇಷ್ಟೇ: ಬಂದವರು ಏನನ್ನಾದರೂ ಮುಟ್ಟಲು ಹೋದರೆ ‘ಛೂನಾ ಮನಾ ಹೈ’ ಎನ್ನುವುದು. ರಾಯರು ಅದನ್ನು ಹೇಳುತ್ತಲೇ ಗಾಜಿನ ಪೆಟ್ಟಿಗೆಗೆ ಕೊಡೆಯ ತುದಿ ತಾಗಿಸಿ, ‘ಇದಿದೆಯಲ್ಲ, ಇದರ ಹಿಂದೆ ದೊಡ್ಡ ಕತೆ ಇದೆ’ ಎಂದು ಶುರುಮಾಡುತ್ತಿದ್ದರು. ಮೊದಲು ಅವರನ್ನು ಶಿಲ್ಪಗಳ ಸಾಲಿನಲ್ಲಿ ನಿಲ್ಲಿಸಿದ್ದರು. ಅಲ್ಲಿ ಜನ ಮುಂದಕ್ಕೆ ಸರಿಯದೆ ಬಾಗಿಲ ತನಕ ಸಾಲುಗಟ್ಟಿತು. ಆಮೇಲೆ ಚಿತ್ರಗಳ ಕೋಣೆಗೆ ಹಾಕಿದರು. ಅಲ್ಲಿ ಶಾಲಾಮಕ್ಕಳಿಗೆ ಬಸ್ಸು ತಪ್ಪಿತು. ಕೊನೆಗೆ ನಾಣ್ಯದ ಕೋಣೆ ಸಿಕ್ಕಿತು. ಜಗತ್ತಿನ ಯಾವ ಮ್ಯೂಸಿಯಮ್ಮಿನಲ್ಲಾದರೂ ನೋಡಿ, ನಾಣ್ಯದ ಕೋಣೆಗೆ ಜನ ಬರುವುದು ದಾರಿ ತಪ್ಪಿದಾಗ ಮಾತ್ರ.

ಹಾಗಂತ ಈ ಊರಿನಲ್ಲಿ ಮ್ಯೂಸಿಯಮ್ಮುಗಳಿಗೆ ಬರವಿಲ್ಲ. ರಾಯ್ ಕೃಷ್ಣದಾಸರು 1920ರಲ್ಲಿ ಕಟ್ಟಿದ ಭಾರತ ಕಲಾ ಭವನ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಹೊಳೆಯಾಚೆ ರಾಮನಗರದ ಕೋಟೆಯಲ್ಲಿ ಮಹಾರಾಜರ ಸಾರೋಟು, ಕತ್ತಿ, ಬಂದೂಕುಗಳಿವೆ. ಸಾರನಾಥದ್ದು 1910ರಿಂದ ಇದೆ, ನಮ್ಮ ನೋಟುಗಳ ಮೇಲಿನ ನಾಲ್ಕು ಸಿಂಹಗಳ ಅಸಲು ಅಲ್ಲೇ ನಿಂತಿದೆ. ಮಾನಮಹಲಿನಲ್ಲಿ 2019ರಲ್ಲಿ ಪರದೆಯ ಮೇಲೇ ಕಾಶಿಯನ್ನು ತೋರಿಸುವ ಹೊಸ ನಮೂನೆಯದೂ ಬಂತು. ರಾಯರ ತಕರಾರು ಏನೆಂದರೆ, ಇವಕ್ಕೆಲ್ಲ ಬಾಗಿಲಿದೆ, ಬಾಗಿಲು ಹಾಕುವ ಹೊತ್ತೂ ಇದೆ. ಸಾರನಾಥಕ್ಕಂತೂ ಶುಕ್ರವಾರ ರಜೆ. ಘಾಟಿಗೆ ರಜೆಯಿಲ್ಲ, ಟಿಕೆಟ್ಟಿಲ್ಲ. ಮುಖ್ಯವಾಗಿ, ನಾಣ್ಯದ ಕೋಣೆಗೆ ಕಳಿಸುವವರಿಲ್ಲ. ಬೆಳಿಗ್ಗೆ ಇಡ್ಲಿ ಮುಗಿಸಿ, ಕೊಡೆ ಹಿಡಿದು ಮೆಟ್ಟಿಲಿಳಿದರೆ ಎರಡೂ ಕಡೆ ಮೈಲಿಗಟ್ಟಲೆ ವಸ್ತುಸಂಗ್ರಹಾಲಯ. ಕಿವಿಯಲ್ಲಿ ಕನ್ನಡ ಬಿದ್ದರೆ ಸಾಕು, ರಾಯರ ನಡಿಗೆ ಚುರುಕಾಗುತ್ತದೆ.

‘ಯಾವೂರಿನೋರು ತಾವು?’

ಈ ಪ್ರಶ್ನೆಗೆ ಉತ್ತರ ಕೊಟ್ಟಿರೋ, ಕೆಟ್ಟಿರಿ. ಮೈಸೂರು ಎಂದರೆ ಪಕ್ಕದಲ್ಲೇ ಇರುವ ಕರ್ನಾಟಕ ಘಾಟಿಗೆ ಕರೆದೊಯ್ದು, ಮೈಸೂರು ಸಂಸ್ಥಾನ ಅದನ್ನು ಕಟ್ಟಿಸಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೊದಲ ಚಾನ್ಸಲರ್ ಆದದ್ದು, ಎಲ್ಲ ಆಗುತ್ತದೆ. ಕಲಬುರಗಿ ಎಂದರೆ ಜಂಗಮವಾಡಿ ಮಠ, ಅಲ್ಲಿ ಸಾಲುಸಾಲಾಗಿ ಇಟ್ಟಿರುವ ಲಿಂಗಗಳು, ಮಠದಲ್ಲಿರುವ ಮೊಘಲ್ ಬಾದಷಹರ ಫರ್ಮಾನುಗಳು. ಹಾಸನ, ಕೊಡಗಿನ ಕಡೆಯವರು ಎಂದರೆ ಮುಗಿಯಿತು. ರಾಯರು ಕೊಡೆಯನ್ನು ನೆಲಕ್ಕೂರಿ ಹೆಬ್ಬಾಲೆಯ ಶಾಸನ ತೆಗೆಯುತ್ತಾರೆ.

‘ನಿಮಗೆ ಯಾತ್ರೆಗೆ ಸರ್ಕಾರ ಎಷ್ಟು ಕೊಡ್ತು?’

‘ಐದು ಸಾವಿರ, ಸ್ವಾಮಿ.’ 2022ರ ನವೆಂಬರಿನಲ್ಲಿ ಬೆಂಗಳೂರಿಂದ ಕಾಶಿಗೆ ಭಾರತ್ ಗೌರವ್ ರೈಲು ಬಿಟ್ಟರಲ್ಲ, ಅದರ ಆಗಿನ ರಿಯಾಯಿತಿ.

‘ಇದೇನು ಹೊಸದಲ್ಲ ಕಣ್ರಮ್ಮ. 1279ರಲ್ಲೇ ಹೊಯ್ಸಳ ಮೂರನೇ ನರಸಿಂಹ ಕೊಟ್ಟಿದ್ದ. ಕಾಶಿಗೆ ಬಂದ ನಮ್ಮವರು ಇಲ್ಲಿ ತುರುಕರಿಗೆ ತೆರಿಗೆ ಕಟ್ಟಬೇಕಿತ್ತು. ಆ ತೆರಿಗೆ ತುಂಬೋದಕ್ಕೆ ಹೆಬ್ಬಾಲೆ ಅನ್ನೋ ಊರಿನ ಹುಟ್ಟುವಳಿಯನ್ನೇ ಬಿಟ್ಟುಕೊಟ್ಟ. ಕನ್ನಡದವರಿಗೆ ಮಾತ್ರ ಅಂತಲ್ಲ, ತೆಲುಗರು, ತುಳುವರು, ಮಲೆಯಾಳದವರು, ಎಲ್ಲರಿಗೂ!’

ಇದು ನಿಜ. ರಾಯರ ಮಾತಿನಲ್ಲಿ ನಿಜಕ್ಕೆ ಕೊರತೆಯಿಲ್ಲ, ಅವರ ಕಷ್ಟ ಇರುವುದೂ ಅಲ್ಲೇ. ನಿಜವನ್ನು ಕೇಳಿಸಿಕೊಂಡ ಹಾಸನದ ಹೆಂಗಸು ಒಂದು ನಿಮಿಷ ಸುಮ್ಮನಿದ್ದು, ‘ಆ ದುಡ್ಡಿಗೆ ಅರ್ಜಿ ಎಲ್ಲಿ ಹಾಕ್ಬೇಕು?’ ಎಂದು ಕೇಳಿದರು.

ನಿಜ ಹೇಳಿ ರಾಯರು ಕೈಸುಟ್ಟುಕೊಂಡದ್ದು ವಿಜಯನಗರಂ ಘಾಟಿನಲ್ಲಿ. ಹರಿಶ್ಚಂದ್ರ ಘಾಟಿನಿಂದ ಕೇದಾರ ಘಾಟಿಗೆ ಹೋಗುವ ದಾರಿಯಲ್ಲೇ ಅದು ಸಿಗುತ್ತದೆ. ಗೋಡೆಯ ಮೇಲೆ ಹೆಸರು ನೋಡಿದ ಹೊಸಪೇಟೆಯ ತಂಡವೊಂದು ಅಲ್ಲೇ ಪುಳಕಗೊಂಡು, ಕೃಷ್ಣದೇವರಾಯರಿಗೆ ಜೈಕಾರ ಹಾಕಿ, ಗುಂಪಾಗಿ ಫೋಟೋಕ್ಕೆ ನಿಂತಿತು. ರಾಯರಿಗೆ ತಡೆಯಲಾಗಲಿಲ್ಲ. ಇದು ಹಂಪಿಯದಲ್ಲ, ಆಂಧ್ರದ ಕರಾವಳಿಯ ವಿಜಯನಗರಂ, ಅಲ್ಲಿನ ಮಹಾರಾಜರು ಕಟ್ಟಿಸಿದ್ದು, ಕೃಷ್ಣದೇವರಾಯ ತೀರಿ ಮುನ್ನೂರು ವರ್ಷದ ಮೇಲಿನ ಮಾತು ಎಂದು ಬಿಡಿಸಿ ಹೇಳಿದರು. ತಂಡದವರ ಮುಖ ಸಣ್ಣದಾಯಿತು. ತೆಗೆದ ಫೋಟೋ ಆಗಲೇ ಊರಿಗೆ ಹೋಗಿಬಿಟ್ಟಿತ್ತು. ‘ನೀವು ಆಂಧ್ರದವರಾ?’ ಎಂದು ಒಬ್ಬರು ಕೇಳಿಯೇಬಿಟ್ಟರು. ರಾಯರು ಆ ದಿನ ಊಟ ಮಾಡಲಿಲ್ಲವೆಂದು ಅವರ ಮನೆಯವರು ಹೇಳಿದರು. ಹೇಳುವಾಗ ಅವರಿಗೆ ಅಷ್ಟೇನೂ ದುಃಖವಿದ್ದಂತೆ ಕಾಣಲಿಲ್ಲ.

ಆಮೇಲೆ ರಾಯರು ಸ್ವಲ್ಪ ಬದಲಾದರು. ಬದಲಾದದ್ದಾದರೂ ಎಲ್ಲಿ? ಸತ್ಯಕ್ಕಾಗಿ ರಾಜ್ಯ, ಹೆಂಡತಿ, ಮಗ ಎಲ್ಲರನ್ನೂ ಬಿಟ್ಟವನ ಹೆಸರಿನ ಘಾಟಿನಲ್ಲಿ!

ಕನ್ನಡದ ಯಾತ್ರಿಕರು ಈ ಘಾಟಿಗೆ ಬರುವುದು ಯಾಕೆಂದು ಬಿಚ್ಚಿ ಹೇಳಬೇಕಾಗಿಲ್ಲ. 1965ರ ‘ಸತ್ಯ ಹರಿಶ್ಚಂದ್ರ’. ಹುಣಸೂರು ಕೃಷ್ಣಮೂರ್ತಿಯವರ ಆ ಚಿತ್ರವನ್ನು ಟೂರಿಂಗ್ ಟಾಕೀಸಿನಲ್ಲಿ ನೋಡಿ ಅತ್ತವರು, ಆಮೇಲೆ ಟೀವಿಯಲ್ಲಿ ನೋಡಿ ಇನ್ನೊಮ್ಮೆ ಅತ್ತವರು, ಬಣ್ಣದಲ್ಲಿ ಬಂದಾಗ ಮೂರನೇ ಸಲ ಕಣ್ಣೊರೆಸಿಕೊಂಡವರು ಇಲ್ಲಿ ಬಂದು ಕೇಳುವುದು ಒಂದೇ ಪ್ರಶ್ನೆ:

‘ಅಣ್ಣಾ, ರಾಜ್‌ಕುಮಾರ್ ಕಾವಲು ಕಾಯ್ತಾ ನಿಂತಿದ್ದ ಜಾಗ ಯಾವುದು?’

ಮೊದಮೊದಲು ರಾಯರು ಇದಕ್ಕೆ ಮಾರ್ಕಂಡೇಯ ಪುರಾಣದಿಂದ ಉತ್ತರ ಶುರುಮಾಡುತ್ತಿದ್ದರು. ಅಲ್ಲಿಂದ ಹದಿಮೂರನೇ ಶತಮಾನದ ಹಂಪೆಗೆ ಬಂದು ರಾಘವಾಂಕನನ್ನು ಹಿಡಿಯುತ್ತಿದ್ದರು. ‘ಹರಿಶ್ಚಂದ್ರ ಕಾವ್ಯ’ ಬರೆದು, ಶಿವಭಕ್ತರನ್ನು ಬಿಟ್ಟು ಮನುಷ್ಯನನ್ನು ಹೊಗಳಿದನೆಂದು ಸೋದರಮಾವ ಹರಿಹರ ಸಿಟ್ಟಾದದ್ದು, ರಾಘವಾಂಕನ ಹಲ್ಲು ಉದುರಿದ್ದು, ಶಿವಶರಣರ ಮೇಲೆ ಕಾವ್ಯ ಬರೆದಂತೆಲ್ಲ ಅವು ಮತ್ತೆ ಬಂದದ್ದು. ಕತೆ ಹಲ್ಲಿಗೆ ಬಂದಾಗ ರಾಯರ ಕಟ್ಟಿಸಿದ ಹಲ್ಲೂ ಒಮ್ಮೆ ಜಾರುತ್ತದೆ, ನಾಲಗೆಯಲ್ಲೇ ಹಿಡಿದು ಸ್ವಸ್ಥಾನಕ್ಕೆ ಸೇರಿಸುತ್ತಾರೆ. ಜನ ಅದನ್ನೂ ಅಭಿನಯವೆಂದು ತಿಳಿದು ಮೆಚ್ಚುತ್ತಾರೆ. ಎಂ. ಪಿ. ಶಂಕರ್ ಮಾಡಿದ ವೀರಬಾಹು, ನರಸಿಂಹರಾಜು ಮಾಡಿದ ನಕ್ಷತ್ರಿಕ, ಎಲ್ಲ ಮುಗಿಸಿ, ಸಿನಿಮಾ ಬೇರೆ ಪುರಾಣ ಬೇರೆ ಎಂದು ತಿಳಿಹೇಳಿ ರಾಯರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಪ್ರಶ್ನೆ ಕೇಳಿದ್ದ ಹೆಂಗಸು, ‘ಅದೆಲ್ಲಾ ಸರಿ ಅಣ್ಣಾ, ನಿಂತಿದ್ದು ಎಲ್ಲಿ?’

ಈಗ ರಾಯರು ಕೊಡೆಯೆತ್ತಿ ತೋರಿಸುತ್ತಾರೆ. ‘ಅಗೋ, ಆ ಮೂರನೇ ಮೆಟ್ಟಿಲ ಹತ್ತಿರ.’ ಕೈಗಳು ಮುಗಿಯುತ್ತವೆ. ಒಬ್ಬಿಬ್ಬರು ಅಲ್ಲಿಗೇ ಹೋಗಿ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಮ್ಯೂಸಿಯಮ್ಮಿನಲ್ಲಿ ಇಷ್ಟು ವರ್ಷ ‘ಮುಟ್ಟಬೇಡಿ’ ಎಂದು ಹೇಳಿದ ಮನುಷ್ಯ ಇಲ್ಲಿ ಮುಟ್ಟುವವರನ್ನು ನೋಡಿ ಹಿಗ್ಗುತ್ತಾರೆ.

ಪಜೀತಿಯೆಂದರೆ, ಗಂಗೆ ಒಂದೇ ಕಡೆ ನಿಲ್ಲುವವಳಲ್ಲ. ಮಳೆಗಾಲದಲ್ಲಿ ನೀರು ಮೇಲೇರಿ ಕೆಳಗಿನ ಮೆಟ್ಟಿಲುಗಳನ್ನೆಲ್ಲ ನುಂಗುತ್ತದೆ, ಇಳಿದ ಮೇಲೆ ಹೂಳು ಉಳಿಯುತ್ತದೆ. ಚಿತೆಗಳ ಜಾಗವೂ ನೀರಿನ ಹಿಂದೆಯೇ ಮೇಲೆ ಕೆಳಗೆ ಆಗುತ್ತದೆ. ಆದ್ದರಿಂದ ರಾಯರ ಕೊಡೆ ಕೂಡ ಒಂದೊಂದು ದಿನ ಒಂದೊಂದು ಕಡೆಗೆ. ಮರದ ದಿಮ್ಮಿಗಳನ್ನು ತಕ್ಕಡಿಗೆ ಏರಿಸುತ್ತಿದ್ದ ಡೋಮ್ ಕುಲದ ಹುಡುಗನೊಬ್ಬ ಇದನ್ನು ಬಹಳ ದಿನದಿಂದ ಗಮನಿಸಿದ್ದನೆಂದು ಕಾಣುತ್ತದೆ. ಒಂದು ದಿನ ಬೆವರು ಒರೆಸಿಕೊಳ್ಳುತ್ತ ಕೇಳಿದ: ‘ಬಾಬೂಜಿ, ಕಲ್ ತೋ ಉಧರ್ ಥಾ?’

ರಾಯರು ತಡಬಡಾಯಿಸಲಿಲ್ಲ. ನೀರು ಏರಿದರೆ ಜಾಗವೂ ಏರುತ್ತದೆ ಎಂದು ತಮ್ಮ ಹಿಂದಿಯಲ್ಲಿ ಹೇಳಿದರು. ಹುಡುಗ ಒಂದು ಕ್ಷಣ ಯೋಚಿಸಿ, ‘ಸಹೀ ಹೈ’ ಎಂದು ಇನ್ನೊಂದು ದಿಮ್ಮಿ ಎತ್ತಿದ. ಹರಿಶ್ಚಂದ್ರನ ಯಜಮಾನನ ಕುಲದವನೇ ಸರಿ ಎಂದ ಮೇಲೆ ರಾಯರಿಗೆ ಇನ್ಯಾರ ಸರ್ಟಿಫಿಕೇಟು ಬೇಕು?

ರಾಯರನ್ನು ಇಷ್ಟೆಲ್ಲ ಆಡಿಕೊಂಡ ಮೇಲೆ ಒಂದು ಮಾತು ಹೇಳದಿದ್ದರೆ ನಾನು ಆ ಘಾಟಿಗೆ ಮತ್ತೆ ಕಾಲಿಡಲಾರೆ. ಗಲ್ಲಿಯ ತುದಿಯಲ್ಲಿ ‘ರಾಮ್ ನಾಮ್ ಸತ್ಯ ಹೈ’ ಕೇಳಿದ ತಕ್ಷಣ ರಾಯರ ಮಾತು ಅರ್ಧಕ್ಕೇ ನಿಲ್ಲುತ್ತದೆ. ಕೊಡೆಯನ್ನು ರೈಲ್ವೆ ಗೇಟಿನಂತೆ ಅಡ್ಡ ಹಿಡಿದು ನಮ್ಮವರನ್ನೆಲ್ಲ ಗೋಡೆಗೆ ಸರಿಸುತ್ತಾರೆ, ಯಾರಾದರೂ ಮೊಬೈಲು ಎತ್ತಿದರೆ ಕೈಮೇಲೆ ಮೆಲ್ಲಗೆ ತಟ್ಟುತ್ತಾರೆ. ಚಿತೆಯ ಫೋಟೋ ತೆಗೆಯಲು ಹೋಗಿ ಬೈಸಿಕೊಂಡ ತಂಡಗಳನ್ನು ಬಿಡಿಸಿ ತಂದವರೂ ಅವರೇ. ತಂಡದಿಂದ ತಪ್ಪಿಸಿಕೊಂಡು, ವಿದ್ಯುತ್ ಚಿತಾಗಾರದ ಕಂಬದ ಬುಡದಲ್ಲಿ ಕೂತು ಅಳುತ್ತಿದ್ದ ಅಜ್ಜಿಯೊಬ್ಬರನ್ನು ಕೈಹಿಡಿದು ತಂಡದವರಿದ್ದಲ್ಲಿಗೆ ಮುಟ್ಟಿಸಿದ್ದನ್ನು ನಾನೇ ಕಂಡಿದ್ದೇನೆ. ದಾರಿಯುದ್ದಕ್ಕೂ ಹೊಯ್ಸಳರ ವಿಷಯ ಹೇಳುತ್ತಲೇ ಇದ್ದರು. ಅಜ್ಜಿಗೆ ಕಿವಿ ಕೇಳಿಸುತ್ತಿರಲಿಲ್ಲ, ಹಾಗಾಗಿ ಇಬ್ಬರೂ ಸಂತೋಷವಾಗಿದ್ದರು.

ಕಾಶಿಗೆ ಬಂದವರು ಇಷ್ಟವಾದದ್ದೊಂದನ್ನು ಇಲ್ಲೇ ಬಿಟ್ಟುಹೋಗಬೇಕು ಎಂಬುದು ನಮ್ಮ ಕಡೆಯ ರೂಢಿ. ಬಹಳ ಮಂದಿ ಹಾಗಲಕಾಯಿಯನ್ನೇ ಪರಮಪ್ರಿಯವೆಂದು ಘೋಷಿಸಿ ಬಿಟ್ಟು ಬರುತ್ತಾರೆ. ರಾಯರು ಏನು ಬಿಟ್ಟರೆಂದು ಅವರ ಮನೆಯವರನ್ನು ಕೇಳಿದೆ. ‘ಕಾಫಿ ಬಿಟ್ಟರು’ ಎಂದರು. ‘ಬ್ಯಾಂಕಲ್ಲಿದ್ದಾಗ ಕಾಫಿ ಕುಡಿಯೋವಾಗ್ಲಾದ್ರೂ ಬಾಯಿ ಮುಚ್ಚಿರ್ತಿತ್ತು.’

ಕಳೆದ ಚಳಿಗಾಲದಲ್ಲಿ ಘಾಟಿಗೆ ಎರಡನೇ ಸ್ವಯಂಸೇವಕರು ಬಂದರು. ವಿಜಯಪುರದವರು, ಪಿಡಬ್ಲ್ಯುಡಿಯಲ್ಲಿ ಎಂಜಿನಿಯರಾಗಿ ನಿವೃತ್ತರು, ಕೊಡೆಯ ಬದಲು ಅಳತೆ ಟೇಪು. ಮೊದಲ ಭೇಟಿಯಲ್ಲೇ ಕಿಡಿ ಹತ್ತಿತು. ಹಾವೇರಿಯ ಬಸ್ಸಿನವರನ್ನು ನಿಲ್ಲಿಸಿಕೊಂಡು ರಾಯರು ಸಾರನಾಥದ ಸಿಂಹಗಳು ನೆಲದಿಂದ ಮೇಲೆ ಬಂದ ಕತೆ ಹೇಳುತ್ತಿದ್ದರು. ‘1904ರಲ್ಲಿ ಅಗೆತ ಶುರುವಾಯ್ತು’ ಎಂದರು.

‘ಏನ್ರೀ ನೀವು, ಸಿಂಹ ಸಿಕ್ಕಿದ್ದು 1905ರಾಗ್ರೀ.’

‘ನಾನು ಅಗೆತದ ಮಾತು ಹೇಳಿದ್ದು.’

‘ಅಗದವ ಯಾರು ಗೊತ್ತೇನ್ರೀ? ಓರ್ಟೆಲ್ ಸಾಹೇಬ. ಎಂಜಿನಿಯರ್ ಅದಾನ್ರೀ ಅವ, ನಮ್ಮ ಪಿಡಬ್ಲ್ಯುಡಿಯವ!’

‘ನಿಮ್ಮ ಪಿಡಬ್ಲ್ಯುಡಿ? ವಿಜಯಪುರದ್ದಾ?’

‘ಪಿಡಬ್ಲ್ಯುಡಿ ಅಂದಮ್ಯಾಲೆ ಎಲ್ಲಾ ಒಂದೇ ರೀ! ರೊಕ್ಕ ಇಲ್ದ ಕೆಲಸಾ ಮುಗಿಸೋದು ನಮಗ ಬಿಟ್ರ ಇನ್ಯಾರಿಗ್ ಬರ್ತದ?’

ಬ್ಯಾಂಕು ಲೋಕೋಪಯೋಗಿ ಇಲಾಖೆಗೆ ಸಾಲದ ಲೆಕ್ಕ ಕೇಳಿದಂತೆ ವಾದ ಏರುತ್ತ ಹೋಯಿತು. ಒಬ್ಬರು ಕೊಡೆಯಿಂದ ಆಕಾಶ ತಿವಿಯುತ್ತಿದ್ದರು, ಇನ್ನೊಬ್ಬರು ಟೇಪನ್ನು ಎಳೆದು ಎಳೆದು ಬಿಡುತ್ತಿದ್ದರು. ಹಾವೇರಿಯವರು ಮೊದಲು ಒಬ್ಬೊಬ್ಬರಾಗಿ, ಆಮೇಲೆ ಧೈರ್ಯ ಬಂದು ಒಟ್ಟಾಗಿ ಜಾರಿಕೊಂಡು ಮೇಲಿನ ಮೆಟ್ಟಿಲ ಚಹಾದಂಗಡಿಗೆ ಬಂದು ಕೂತರು. ಅವರ ಜೊತೆ ನಾನೂ ಜಾರಿಕೊಂಡೆ. ಕುಲ್ಹಡ್ ಕೈಗೆ ಬಂದ ಮೇಲೆ ಅವರಲ್ಲೊಬ್ಬರು ಇದ್ದ ನಾಲ್ಕು ಹಿಂದಿ ಶಬ್ದಗಳನ್ನೆಲ್ಲ ಒಟ್ಟುಗೂಡಿಸಿ ಚಹಾದವನನ್ನು ಕೇಳಿದರು: ‘ಭಯ್ಯಾ, ರಾಜ್‌ಕುಮಾರ್... ಖಡಾ... ಕಿಧರ್?’

ಚಹಾದವನು ಹಾಲಿನ ಪಾತ್ರೆಯಿಂದ ಕಣ್ಣೆತ್ತಲಿಲ್ಲ. ‘ಕರ್ನಾಟಕ್ ಸೇ?’ ಎಂದು ಕೇಳಿ, ಗಲ್ಲದಲ್ಲೇ ಕೆಳಗಿನ ದಿಕ್ಕಿಗೆ ತೋರಿಸಿದ. ‘ಆಜ್ ಪಾಂಚ್‌ವೀ ಸೀಢೀ.’